ಒಂದು ರೈಲು, ಒಂದು ಕಾಲ

ಮಾದರಿ ರೈಲು ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ಓಡುವ ತಗಡಿನ ಆಟಿಕೆ ನೆನಪಾಗುವುದು ಸಹಜ. ಬಿ.ಎ. ತರಗತಿಯಲ್ಲಿ ಇತಿಹಾಸ ಓದುತ್ತಿರುವವನೊಬ್ಬನು ಅದನ್ನು ಕುರಿತು ವಾರ್ಷಿಕ ಸಂಚಿಕೆಗೆ ಲೇಖನ ಬರೆದನೆಂದರೆ ಸಹಪಾಠಿಗಳು ನಕ್ಕಾರು, ಅಧ್ಯಾಪಕರು ಹುಬ್ಬೇರಿಸಿಯಾರು. ನಗುವವರು ನಗಲಿ. ಆದರೆ ಕಾಲವೆಂಬುದನ್ನು ಎಷ್ಟು ಎಚ್ಚರದಿಂದ ಹಿಡಿಯಬೇಕೆಂಬುದು ನನಗೆ ಮೊದಲು ಮನವರಿಕೆಯಾದದ್ದು ಒಂದು ಪೆಟ್ಟಿಗೆ ತುಂಬ ಬಂದ ಪುಟ್ಟ ರೈಲುಗಳ ಮುಂದೆ ಕುಳಿತಾಗಲೇ.

ನನ್ನ ಸೋದರಮಾವನವರು ಅಮೆರಿಕದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ. ಅಲ್ಲಿಯ ಮನೆಗಳಿಗೆ ನೆಲಮಾಳಿಗೆ ಇರುವುದು ಸಾಮಾನ್ಯ. ಮಾವನವರು ತಮ್ಮ ನೆಲಮಾಳಿಗೆಯಲ್ಲಿ ಹಲಗೆ ಜೋಡಿಸಿ, ಹಳಿ ಹಾಸಿ, ಬೆಟ್ಟಗುಡ್ಡ ಕಟ್ಟಿ, ಮೂವತ್ತು ವರ್ಷಗಳಿಂದ ಮಾದರಿ ರೈಲು ಓಡಿಸುತ್ತಿದ್ದಾರೆ. ಮೊದಮೊದಲು ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡದ್ದೆಲ್ಲ ಮನೆಗೆ ಬರುತ್ತಿತ್ತಂತೆ. ಎರಡು ವರ್ಷಗಳ ಹಿಂದೆ ಅವರಿಗೆ ಏನು ಹೊಳೆಯಿತೋ, ಒಂದು ಸಂಕಲ್ಪ ಮಾಡಿದರು. ಇನ್ನು ಮುಂದೆ ಪೆನ್ಸಿಲ್ವೇನಿಯ ರೈಲ್‌ರೋಡ್ ಒಂದೇ. ಅದರಲ್ಲಿಯೂ ಕೊಲಂಬಸ್ಸಿನಿಂದ ಈರಿ ಸರೋವರದ ದಡದ ಸ್ಯಾಂಡಸ್ಕಿ ಬಂದರಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಹಾದಿ ಒಂದೇ. ಕಾಲ 1953ನೆಯ ಇಸವಿ. ಇದಕ್ಕೆ ಹೊಂದದ ಸಾಮಾನನ್ನೆಲ್ಲ ಕೊಡಬೇಕಾದವರಿಗೆ ಕೊಟ್ಟು, ಉಳಿದುದನ್ನು ಪೆಟ್ಟಿಗೆಗೆ ತುಂಬಿ, ಊರಿಗೆ ಬಂದಾಗ ನನ್ನ ಕೈಗಿತ್ತರು.

ಆ ಪೆಟ್ಟಿಗೆಯಲ್ಲಿದ್ದ ಸಂಪತ್ತನ್ನು ಏನೆಂದು ವರ್ಣಿಸಲಿ! ಕೆಂಪು ಮೂತಿಯ, ಬೆಳ್ಳಿಯ ಮೈಯ ಸಾಂಟಾ ಫೆ ಡೀಸೆಲ್ ಇಂಜಿನು. ಯೂನಿಯನ್ ಪೆಸಿಫಿಕ್ ಕಂಪನಿಯ ಹಳದಿ ಬಂಡಿಗಳು. ಆಮ್‌ಟ್ರ್ಯಾಕ್ ಸಂಸ್ಥೆಯ ಪ್ರಯಾಣಿಕರ ಗಾಡಿ. ಪೆನ್ ಸೆಂಟ್ರಲ್ ಎಂದು ಬರೆದ ಹಸಿರು ಗೂಡ್ಸ್ ಡಬ್ಬಿ. ಇಂಗ್ಲೆಂಡಿನ ಪ್ರಸಿದ್ಧ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನಿನ ಮಾದರಿಯೂ ಒಂದು. ಎಲ್ಲಕ್ಕಿಂತ ಕೆಳಗೆ, ಹತ್ತಿಯಲ್ಲಿ ಸುತ್ತಿದ ಒಂದು ಹಿತ್ತಾಳೆಯ ಉಗಿ ಇಂಜಿನು. ಅದು ಸಾಂಟಾ ಫೆ ಕಂಪನಿಯು 1944ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಿಂದ ಕಟ್ಟಿಸಿಕೊಂಡ 25 ಭಾರಿ ಇಂಜಿನುಗಳ ಮಾದರಿ. ಮುಂದೆ ಎರಡು ಗಾಲಿ, ನಡುವೆ ಎಳೆಯುವ ಹತ್ತು ದೊಡ್ಡ ಗಾಲಿ, ಹಿಂದೆ ನಾಲ್ಕು. ಮಾವನವರು ವಿದ್ಯಾರ್ಥಿಯಾಗಿ ಕಾನ್ಸಾಸ್ ಸಂಸ್ಥಾನದಲ್ಲಿದ್ದಾಗ, ಒಂದು ಚಳಿಗಾಲವೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಉಳಿಸಿದ ಹಣದಲ್ಲಿ ಅದನ್ನು ಕೊಂಡರಂತೆ. ಅದನ್ನು ನನಗೆ ಕೊಡುವಾಗ ಅವರು ಹೆಚ್ಚು ಮಾತಾಡಲಿಲ್ಲ. “ಇದು ನನ್ನ ರೈಲಿನದಲ್ಲ ಕಣೋ, ನೀನೇ ಇಟ್ಟುಕೊ” ಎಂದರು, ಅಷ್ಟೆ.

ನಾನು ಊಟದ ಮೇಜಿನ ಮೇಲೆ ಹಳಿ ಸುತ್ತಿಸಿ ಎಲ್ಲವನ್ನೂ ಒಂದರ ಹಿಂದೊಂದು ಪೋಣಿಸಿ ಓಡಿಸಿದೆ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಆ ಭಾನುವಾರ ನಮ್ಮ ಇತಿಹಾಸದ ಮೇಷ್ಟ್ರು ಯಾವುದೋ ಕೆಲಸದ ಮೇಲೆ ತಂದೆಯವರನ್ನು ನೋಡಲು ಬಂದಿದ್ದರು. ಕನ್ನಡಕವನ್ನು ಸರಿಪಡಿಸಿಕೊಂಡು ರೈಲನ್ನು ಎರಡು ಸುತ್ತು ನೋಡಿ, “ಚೆನ್ನಾಗಿದೆಯಪ್ಪ. ಇದು ಯಾವ ಇಸವಿ?” ಎಂದು ಕೇಳಿದರು.

ನಾನು ತಬ್ಬಿಬ್ಬಾದೆ. ಉಗಿ ಇಂಜಿನು ಎಳೆಯುತ್ತಿದ್ದುದು ಆಮ್‌ಟ್ರ್ಯಾಕ್ ಗಾಡಿಯನ್ನು. ಆಮ್‌ಟ್ರ್ಯಾಕ್ ಆರಂಭವಾದದ್ದು 1971ರ ಮೇ 1ರಂದು. ಅಷ್ಟರಲ್ಲಿ ಸಾಂಟಾ ಫೆ ಹಳಿಗಳ ಮೇಲೆ ಉಗಿ ಇಂಜಿನುಗಳ ಕಾಲ ಮುಗಿದು ಹತ್ತು ವರ್ಷದ ಮೇಲಾಗಿತ್ತು. ಪೆನ್ ಸೆಂಟ್ರಲ್ ಎಂಬ ಹೆಸರೇ 1968ರ ಫೆಬ್ರುವರಿ 1ರಂದು, ಪೆನ್ಸಿಲ್ವೇನಿಯ ಮತ್ತು ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳು ಒಂದಾದಾಗ ಹುಟ್ಟಿದ್ದು. ಇನ್ನು ಫ್ಲೈಯಿಂಗ್ ಸ್ಕಾಟ್ಸ್‌ಮನ್ ಮಿಕ್ಕವುಗಳ ಅಳತೆಯದೇ ಅಲ್ಲ. ಅಮೆರಿಕದ ಮಾದರಿಗಳು ನಿಜದ 87ರಲ್ಲಿ ಒಂದು ಪಾಲು. ಇಂಗ್ಲೆಂಡಿನವು 76ರಲ್ಲಿ ಒಂದು ಪಾಲು. ಎರಡೂ ಓಡುವುದು ಮಾತ್ರ ಹದಿನಾರೂವರೆ ಮಿಲಿಮೀಟರ್ ಅಗಲದ ಒಂದೇ ಹಳಿಯ ಮೇಲೆ. ಹಳಿ ಒಂದೆಂದ ಮಾತ್ರಕ್ಕೆ ಲೋಕವೂ ಒಂದೆಂದು ನಾನು ತಿಳಿದಿದ್ದೆ. ಕಾಲೇಜು ದಿನಾಚರಣೆಯ ನಾಟಕದಲ್ಲಿ ಕೃಷ್ಣದೇವರಾಯನ ಮಣಿಕಟ್ಟಿನಲ್ಲಿ ಗಡಿಯಾರ ಕಂಡಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ!

ಅಂದಿನಿಂದ ಈ ಹವ್ಯಾಸದ ವಿಷಯವಾಗಿ ದೊರೆತುದನ್ನೆಲ್ಲ ಓದತೊಡಗಿದೆ. ಒಂದು ರೈಲು, ಒಂದು ಕಾಲ ಎಂದು ಕಟ್ಟುಪಾಡು ಹಾಕಿಕೊಳ್ಳುವುದಕ್ಕೆ ಮೊದಲ ಕಾರಣ ತೀರ ಲೌಕಿಕವಾದದ್ದು: ಸ್ಥಳ ಸಾಲದು. 87ರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಐದೂವರೆ ಅಡಿಯ ಮನುಷ್ಯ ಕಿರುಬೆರಳಿನ ಒಂದು ಗೆಣ್ಣಿನಷ್ಟಾಗುತ್ತಾನೆ, ನಿಜ. ಆದರೆ ಒಂದು ಮೈಲಿ ಹಾದಿ ಅರವತ್ತು ಅಡಿಗೂ ತುಸು ಹೆಚ್ಚಾಗಿಯೇ ಉಳಿಯುತ್ತದೆ. ನೂರು ಮೈಲಿಗೆ ಮೇಲ್ಪಟ್ಟ ಕೊಲಂಬಸ್-ಸ್ಯಾಂಡಸ್ಕಿ ಹಾದಿಯನ್ನು ಯಥಾವತ್ತಾಗಿ ಕಟ್ಟಲು ಒಂದು ಮೈಲಿಗೂ ಉದ್ದನೆಯ ನೆಲಮಾಳಿಗೆ ಬೇಕು. ಆದ್ದರಿಂದ ಎಂಥ ಶ್ರೀಮಂತನೂ ಬಿಡಲೇಬೇಕು. ಏನನ್ನು ಬಿಡಬೇಕೆಂಬುದನ್ನು ಮೊದಲೇ ನಿಶ್ಚಯಿಸದವನು ಎಲ್ಲದರಲ್ಲಿಯೂ ಒಂದೊಂದು ಚೂರನ್ನು ಇಟ್ಟುಕೊಂಡು ಯಾವುದನ್ನೂ ಪೂರ್ತಿ ಮಾಡಲಾರ.

ಎರಡನೆಯ ಕಾರಣ ನನಗೆ ಹೆಚ್ಚು ರುಚಿಸಿತು. ವರ್ಷವನ್ನು ಗೊತ್ತುಮಾಡಿಕೊಂಡ ಗಳಿಗೆಯಿಂದ ಪ್ರತಿಯೊಂದು ವಸ್ತುವೂ ಸಾಕ್ಷಿಯ ಕಟಕಟೆಯನ್ನು ಏರಬೇಕಾಗುತ್ತದೆ. ಅಮೆರಿಕದ ಗೂಡ್ಸ್ ಡಬ್ಬಿಯ ಪಕ್ಕದಲ್ಲಿ ಅದನ್ನು ಕಟ್ಟಿದ ತಿಂಗಳು, ವರ್ಷ ಬರೆದಿರುತ್ತದೆ. ಒಳ್ಳೆಯ ಮಾದರಿಗಳಲ್ಲಿ ಆ ಬರಹವೂ ಇರುತ್ತದೆ, ಸಾಸಿವೆಗಿಂತ ಸಣ್ಣದಾಗಿ. ಭೂತಗಾಜು ಹಿಡಿದು ಅದನ್ನು ಓದಿದ ದಿನ ನನಗೆ ಶಾಸನ ಓದಿದಷ್ಟೇ ಸಂತೋಷವಾಯಿತು. ಹಳೆಯ ಡಬ್ಬಿಗಳ ನೆತ್ತಿಯ ಮೇಲೆ ಕೆಲಸಗಾರರು ನಡೆದಾಡಲು ಹಲಗೆಯ ದಾರಿಯಿರುತ್ತಿತ್ತು. 1966ರಿಂದೀಚೆಗೆ ಕಟ್ಟಿದ ಹೊಸ ಡಬ್ಬಿಗಳಲ್ಲಿ ಅದನ್ನು ಕೈಬಿಟ್ಟರು. ಹೀಗೆ ಬರಹವಿಲ್ಲದ ಡಬ್ಬಿಯೂ ತನ್ನ ವಯಸ್ಸನ್ನು ಹೇಳುತ್ತದೆ. ನಿಲ್ದಾಣದ ಹೊರಗೆ ನಿಂತ ಮೋಟಾರು, ಗೋಡೆಯ ಮೇಲಿನ ಜಾಹೀರಾತು, ಹೆಂಗಸರ ಉಡುಪು, ಎಲ್ಲಕ್ಕೂ ಇದೇ ವಿಚಾರಣೆ. ಇಲ್ಲಿ ಬಲ್ಲವರು ಪಾಲಿಸುವ ಸೂತ್ರವೊಂದುಂಟು: ಹಿಂದಿನದು ಇರಬಹುದು, ಮುಂದಿನದು ಇರಕೂಡದು. 1953ರ ಬೀದಿಯಲ್ಲಿ 1930ರ ಮೋಟಾರು ನಿಂತಿದ್ದರೆ ತಪ್ಪಿಲ್ಲ. ಬಡವನೊಬ್ಬ ಅದನ್ನು ಇನ್ನೂ ಓಡಿಸುತ್ತಿರಬಹುದು. 1954ರದು ನಿಂತರೆ ಇಡೀ ಊರೇ ಸುಳ್ಳಾಯಿತು.

ಈ ವ್ರತವನ್ನು ಕಟ್ಟುನಿಟ್ಟಾಗಿ ನಡೆಸಿದವರಿದ್ದಾರೆ. ಕ್ಯಾಲಿಫೋರ್ನಿಯದ ಜ್ಯಾಕ್ ಬರ್ಜೆಸ್ ಎಂಬವರು ಆರಿಸಿಕೊಂಡದ್ದು ಯೊಸೆಮಿಟಿ ವ್ಯಾಲಿ ರೈಲ್‌ರೋಡ್ ಎಂಬ ಪುಟ್ಟ ಕಂಪನಿಯನ್ನು. ಮರ್ಸೆಡ್ ಊರಿನಿಂದ ಎಲ್ ಪೋರ್ಟಲ್‌ವರೆಗೆ ಸುಮಾರು 78 ಮೈಲಿ ಓಡಿ, 1945ರಲ್ಲಿ ಅದು ಮುಚ್ಚಿಹೋಯಿತು. ಬರ್ಜೆಸ್ಸರಿಗೆ ವರ್ಷವೂ ಸಾಲದಾಗಿ ತಿಂಗಳನ್ನೇ ಗೊತ್ತುಮಾಡಿಕೊಂಡರು: 1939ರ ಆಗಸ್ಟ್. ಆದ್ದರಿಂದ ಅವರ ಬೆಟ್ಟಗಳ ಮೇಲಿನ ಹುಲ್ಲು ಒಣಗಿಯೇ ಇರಬೇಕು. ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯವಿದೆ. ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು, ಹುಲ್ಲು ಛಾವಣಿಯ ಹಳೆಯ ಮನೆಗಳು ಕಣ್ಣೆದುರಿಗೇ ಮಾರ್ಪಟ್ಟು ಮಾಯವಾಗುತ್ತಿದ್ದುದನ್ನು ಕಂಡು ಮರುಗಿ, ಆ ಸೀಮೆಯ 1930ರ ಸುಮಾರಿನ ಹಳ್ಳಿಯ ಬಾಳನ್ನು ರಟ್ಟು, ಬಣ್ಣಗಳಲ್ಲಿ ಉಳಿಸಹೊರಟರು. ಅಲ್ಲಿ ರೈಲು ಒಂದು ನೆಪ. ಉಳಿದಿರುವುದು ಒಂದು ನಾಡು.

ಹಾಗೆಂದು ಇದನ್ನು ವೇದವಾಕ್ಯವೆಂದು ನಾನು ಒಪ್ಪುವುದಿಲ್ಲ. ಈ ಹವ್ಯಾಸದಲ್ಲಿ ಬಹು ದೊಡ್ಡ ಹೆಸರು ಪಡೆದ ಜಾನ್ ಆಲೆನ್ ಎಂಬವರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಕಟ್ಟಿದ ರೈಲು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಹೆಸರಿನಿಂದ ಹಿಡಿದು ಊರುಗಳವರೆಗೆ ಅವರ ಕಲ್ಪನೆಯೇ. ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳುವ ಷಂಟಿಂಗ್ ಕೆಲಸಕ್ಕೆ ಅವರಲ್ಲಿ ಒಂದು ಡೈನೊಸಾರ್ ಕೂಡ ಇತ್ತಂತೆ! ಆದರೂ ಕಂಡವರು ಮೆಚ್ಚಿ ನಂಬಿದರು. ಏಕೆಂದರೆ ಅದು ಕಲ್ಪಿತವಾದರೂ ಒಂದೇ ಕಂಪನಿ. ಅದರ ಧೂಳು, ತುಕ್ಕು, ಬಡತನ ಎಲ್ಲವೂ ಒಂದೇ ಮನೆಯವು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಲೋಕವೂ ಸುಟ್ಟುಹೋಯಿತು. ಕಾದಂಬರಿಗೂ ಚರಿತ್ರೆಗೂ ಇರುವ ಭೇದ ಇಲ್ಲಿಯೂ ಇದೆ ಎನ್ನಬಹುದು. ಎರಡಕ್ಕೂ ಕಟ್ಟು ಬೇಕು. ಕಟ್ಟಿನ ಬಗೆ ಬೇರೆ.

ಇನ್ನು ನನ್ನ ಹಿತ್ತಾಳೆಯ ಇಂಜಿನಿನ ಕಥೆ. ಮಿಕ್ಕವನ್ನೆಲ್ಲ ಪೆಟ್ಟಿಗೆಗೆ ಹಾಕಿದರೂ ಅದನ್ನು ಮಾತ್ರ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅದರ ಕುಲಗೋತ್ರ ತಿಳಿಯೋಣವೆಂದು ಸಾಂಟಾ ಫೆ ಕಂಪನಿಯ ಚರಿತ್ರೆಯನ್ನು ಓದುತ್ತಿದ್ದಾಗ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 1956ರಲ್ಲಿ ಪೆನ್ಸಿಲ್ವೇನಿಯ ಕಂಪನಿಗೆ ಇಂಜಿನುಗಳ ಅಭಾವ ಉಂಟಾಗಿ, ಇದೇ ಜಾತಿಯ ಹನ್ನೆರಡು ಇಂಜಿನುಗಳನ್ನು ಸಾಂಟಾ ಫೆಯಿಂದ ಬಾಡಿಗೆಗೆ ತಂದಿತು. ತಂದು ಓಡಿಸಿದ್ದು ಎಲ್ಲಿ? ಕೊಲಂಬಸ್ಸಿನಿಂದ ಸ್ಯಾಂಡಸ್ಕಿಗೆ!

ಮಾವನವರ ಹಾದಿ, ಮಾವನವರ ಇಂಜಿನು. ಸಂಕಲ್ಪದ ಹೆಸರಿನಲ್ಲಿ ಅವರು ಮನೆಯಿಂದಾಚೆ ಕಳಿಸಿದ ವಸ್ತು ಆ ಮನೆಯಲ್ಲಿಯೇ ಇರಬಹುದಾದದ್ದಾಗಿತ್ತು. ಇಷ್ಟು ವರ್ಷ ಓದಿದವರಿಗೆ ಇದು ಹೇಗೆ ತಪ್ಪಿತು? 1953 ಎಂದು ನಿಶ್ಚಯಿಸಿದ ಮೇಲೆ ಅದರಿಂದಾಚೆಗಿನ ಪುಟಗಳನ್ನು ಅವರು ತಿರುವಿಯೇ ಇರಲಿಲ್ಲ. ಕಟ್ಟುಪಾಡಿನ ಕೇಡೂ ಇದೇ ಎಂದು ನನಗೆ ತೋರುತ್ತದೆ: ಅದು ಕಣ್ಣನ್ನು ಚುರುಕು ಮಾಡುವಂತೆ ಕಣ್ಣಿಗೆ ಪಟ್ಟಿಯನ್ನೂ ಕಟ್ಟಬಲ್ಲುದು.

ಒಡನೆಯೇ ತಿಳಿಸಿದೆನೆಂದು ಬರೆದರೆ ಸುಳ್ಳಾದೀತು. ಒಂಬತ್ತು ದಿನ ಸುಮ್ಮನಿದ್ದೆ. ತಿಳಿಸಿದರೆ ಇಂಜಿನು ಹಿಂದಿರುಗಬೇಕಾಗುತ್ತದೆ. ತಿಳಿಸದಿದ್ದರೆ ಯಾರಿಗೂ ಗೊತ್ತಾಗದು. ಕೊಟ್ಟದ್ದನ್ನು ಕೇಳುವವರಲ್ಲ ಅವರು. ಹತ್ತನೆಯ ದಿನ ರಾತ್ರಿ ದೂರವಾಣಿಯಲ್ಲಿ ವಿಷಯ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ನನ್ನದು 1953 ಅಲ್ಲವೇನೋ” ಎಂದರು. “ಮಾವ, ಮೂರು ವರ್ಷ ಮುಂದಕ್ಕೆ ಬಂದರಾಯಿತು. ಹಿಂದಿನದು ಇರಬಹುದು ಎಂದು ನೀವೇ ಹೇಳಿಕೊಟ್ಟದ್ದಲ್ಲವೆ?” ಎಂದೆ. ಪೆನ್ಸಿಲ್ವೇನಿಯದ ಸ್ವಂತ ಉಗಿ ಇಂಜಿನುಗಳು 1957ರವರೆಗೂ ಓಡಿದ್ದರಿಂದ ಅವರು ಕಟ್ಟಿದುದರಲ್ಲಿ ಯಾವುದನ್ನೂ ಕೀಳಬೇಕಾಗಿರಲಿಲ್ಲ. ವಾರ ಕಳೆದ ಮೇಲೆ ಅವರೇ ಕರೆದು, “ಇವತ್ತಿನಿಂದ 1956 ಕಣೋ. ಅದನ್ನು ಜೋಪಾನವಾಗಿ ಇಟ್ಟಿದ್ದೀಯಾ?” ಎಂದು ಕೇಳಿದರು.

ನನ್ನ ಪಾಲಿಗೆ ಈಗ ಬೇರೆ ಕೆಲಸ ಹತ್ತಿದೆ. ಅಮೆರಿಕದ ಹಾದಿ ಮಾವನವರಿಗಿರಲಿ. ನಾನು ಮೈಸೂರು ಸಂಸ್ಥಾನದ ರೈಲಿನ ಒಂದು ಸಣ್ಣ ನಿಲ್ದಾಣವನ್ನು ರಟ್ಟಿನಲ್ಲಿ ಕಟ್ಟಬೇಕೆಂದಿದ್ದೇನೆ. ಮೀಟರ್ ಗೇಜ್ ಹಾದಿ 87ರಲ್ಲಿ ಒಂದು ಪಾಲಿಗೆ ಇಳಿದರೆ ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗೆಂದು ಮಾರುವ ಹನ್ನೆರಡರ ಹಳಿ ಸಾಕು. ಇಸವಿಯ ಪ್ರಶ್ನೆ ಬಂದಾಗ ಮಾತ್ರ ಕೈ ನಿಂತಿತು. 1951ರ ಏಪ್ರಿಲ್ 14ರಂದು ಮೈಸೂರು ರೈಲು ಇನ್ನೆರಡು ರೈಲುಗಳೊಡನೆ ಕೂಡಿ ದಕ್ಷಿಣ ರೈಲ್ವೆಯಾಯಿತು. ಆ ದಿನಕ್ಕೆ ಹಿಂದೆಯೋ, ಮುಂದೆಯೋ? ಗಾಡಿಯ ಮೈಮೇಲಿನ ಅಕ್ಷರಗಳೇ ಬೇರೆಯಾಗುತ್ತವೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಎರಡು ಸಲ ಹೋಗಿ ಅಳತೆಗಳನ್ನು ಬರೆದುಕೊಂಡು ಬಂದಿದ್ದೇನೆ. ಸದ್ಯಕ್ಕೆ 1950ನೆಯ ಇಸವಿಯ ಕಡೆಗೆ ಮನಸ್ಸು ವಾಲಿದೆ. ಮೇಷ್ಟ್ರು “ತಿಂಗಳು?” ಎಂದು ಕೇಳುತ್ತಿದ್ದಾರೆ.

ಹಿತ್ತಾಳೆಯ ಇಂಜಿನನ್ನು ಅದೇ ಹತ್ತಿಯಲ್ಲಿ ಸುತ್ತಿ, ಅಮೆರಿಕಕ್ಕೆ ಹೊರಟಿದ್ದ ನೆಂಟರೊಬ್ಬರ ಕೈಯಲ್ಲಿ ಕಳಿಸಿಕೊಟ್ಟೆ. ತಲುಪಿದ ದಿನವೇ ಮಾವನವರು ಅದರ ಹಿಂದೆ ಐವತ್ತು ಕಲ್ಲಿದ್ದಲ ಡಬ್ಬಿಗಳನ್ನು ಕಟ್ಟಿ ಓಡಿಸಿದರಂತೆ. ಆದರೆ ಈಗ ಅವರಿಗೊಂದು ಹೊಸ ತಲೆನೋವು. ಆ ಸಾಂಟಾ ಫೆ ಇಂಜಿನುಗಳು ಉರಿಸುತ್ತಿದ್ದುದು ಎಣ್ಣೆಯನ್ನು, ಹಾದಿಯಾದರೋ ಕಲ್ಲಿದ್ದಲಿನದು. ಅವರ ಇಂಜಿನ್ ಮನೆಯ ಪಕ್ಕದಲ್ಲಿ ಇರುವುದೆಲ್ಲ ಕಲ್ಲಿದ್ದಲು ತುಂಬುವ ಕಟ್ಟಡವೇ. ಎಣ್ಣೆ ತುಂಬುತ್ತಿದ್ದ ಏರ್ಪಾಡಿನ ಚಿತ್ರವೊಂದು ಸಿಗುವವರೆಗೆ ಇಂಜಿನು ಹಗಲು ಮಾತ್ರ ಓಡುವುದೆಂದೂ, ರಾತ್ರಿ ನನ್ನ ಹತ್ತಿಯೊಳಗೆ ಮಲಗುವುದೆಂದೂ ಬರೆದಿದ್ದಾರೆ.