ಅರವತ್ತರ ಮೇಲೆ ಬೀಡಿ ಬಿಟ್ಟ ಅಪ್ಪ

“ಈ ವಯಸ್ಸಲ್ಲಿ ಬಿಟ್ಟು ಇನ್ನೇನಾಗ್ಬೇಕು?” ಬೀಡಿ ಸೇದುವ ಹಿರಿಯರಿರುವ ಮನೆಗಳಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ನನ್ನಪ್ಪನೂ ಇದನ್ನೇ ಹೇಳುತ್ತಿದ್ದ, ಬಂದ ನೆಂಟರು ಹೌದೆಂದು ತಲೆದೂಗುತ್ತಿದ್ದರು. ಈ ಮಾತು ಸುಳ್ಳು ಎಂದು ಅಪ್ಪನ ಜೊತೆಗಿದ್ದೇ ತಿಳಿದುಕೊಂಡವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಸಾಗರ ಸೀಮೆಯ ತೋಟಗಳಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುತ್ತಿದ್ದವನು. ಅರವತ್ತು ದಾಟುವ ಹೊತ್ತಿಗೆ ತೋಟದಿಂದ ಮನೆಗೆ ಏರು ಹತ್ತಲು ನಡುವೆ ನಿಂತು ಉಸಿರು ತಗೊಳ್ಳಬೇಕಾಯಿತು. ಊರಿನವರು ವಯಸ್ಸಾಯಿತು ಎಂದರು. ಆಸ್ಪತ್ರೆಯಲ್ಲಿ ಕೊಳವೆಗೆ ಜೋರಾಗಿ ಊದಿಸಿ ನೋಡಿದ ವೈದ್ಯರು ಸಿಒಪಿಡಿ ಎಂದರು. ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳ ತೆಳುಗೋಡೆಗಳು ಹರಿದು, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಕಾಯಿಲೆ ಅದು. ಹರಿದದ್ದು ಮತ್ತೆ ಕೂಡುವುದಿಲ್ಲ. ಇಷ್ಟು ಕೇಳಿದ ಅಪ್ಪ “ಹಂಗಾರೆ ಸೇದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ” ಎಂದ.

ಅಷ್ಟೇ ಅಲ್ಲ ಎಂಬುದನ್ನು ಆ ವೈದ್ಯರು ತಾಳ್ಮೆಯಿಂದ ಬಿಡಿಸಿ ಹೇಳಿದರು. ವಯಸ್ಸಾದಂತೆ ಎಲ್ಲರ ಶ್ವಾಸಕೋಶದ ಶಕ್ತಿಯೂ ಕುಗ್ಗುತ್ತದೆ. ಹೊಗೆಯಿಂದ ಕೆಟ್ಟ ಶ್ವಾಸಕೋಶ ಬಹಳ ಬೇಗ ಕುಗ್ಗುತ್ತದೆ. ಬಿಟ್ಟರೆ ಕಳೆದುಕೊಂಡದ್ದು ಬರದಿದ್ದರೂ ಮುಂದಿನ ಇಳಿತ ನಿಧಾನವಾಗುತ್ತದೆ. ಹೆಚ್ಚುಕಡಿಮೆ ಸೇದದವರಷ್ಟಕ್ಕೇ ಬಂದು ನಿಲ್ಲುತ್ತದೆ. ಉಳಿದ ಉಸಿರು ಎಷ್ಟು ವರ್ಷ ಬರುತ್ತದೆ ಎಂಬ ಲೆಕ್ಕ ಅಲ್ಲಿಂದ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 1951ರಿಂದ ಅರ್ಧ ಶತಮಾನ ಅಲ್ಲಿನ ವೈದ್ಯರನ್ನೇ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಸಿಗರೇಟು ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಆಯುಸ್ಸು ಕಳೆದುಕೊಂಡರು. ಮೂವತ್ತರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಅದನ್ನೆಲ್ಲ ಉಳಿಸಿಕೊಂಡರು. ಅರವತ್ತರಲ್ಲಿ ಬಿಟ್ಟವರೂ ಸುಮಾರು 3 ವರ್ಷ ಗಳಿಸಿದರು. ಮೂರು ವರ್ಷವೆಂದರೆ ಮೊಮ್ಮಗ ಅಂಗನವಾಡಿಯಿಂದ ಶಾಲೆಗೆ ಹೋಗುವ ಕಾಲ. ಅದು ಚಿಕ್ಕದೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಸಿಗರೇಟು ಕೆಟ್ಟದ್ದು, ಬೀಡಿ ಬರೀ ಎಲೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಬೀಡಿ ಬೇಗ ಆರುತ್ತದೆ, ಆರದಿರಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಸೇದುವವರ ಎದೆಗೆ ಇಳಿಯುವ ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನಲ್ಲ. ನಮ್ಮ ದೇಶದಲ್ಲೇ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ ಕಳೆದುಕೊಳ್ಳುತ್ತಾರೆ.

ಅಪ್ಪನಿಗೆ ಸಾವಿನ ಭಯ ಇರಲಿಲ್ಲ. ಇದ್ದದ್ದು ಬೆಳಗಿನ ಭಯ. ಬೀಡಿ ಹಚ್ಚದೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂಬುದು ಅವನ ನಿಜವಾದ ಅಡ್ಡಿ. ಹೆಣ್ಣುಮಕ್ಕಳ ಮುಂದೆ ಅದನ್ನು ಹೇಳಲು ಸಂಕೋಚ ಪಟ್ಟು ಎಷ್ಟೋ ವರ್ಷ ಸುಮ್ಮನಿದ್ದ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಅದು ನಿಂತಾಗ ಮಲಬದ್ಧತೆ ಬರುವುದು ಸಹಜ, ಕೆಲವು ವಾರಗಳಲ್ಲಿ ಕರುಳು ತಾನೇ ಹೊಂದಿಕೊಳ್ಳುತ್ತದೆ. ಬಿಸಿನೀರು, ಪಪ್ಪಾಯಿ, ಸೊಪ್ಪಿನ ಪಲ್ಯ ಸಾಕಾದವು. ಬಿಟ್ಟ ಮೇಲೆ ಕೆಮ್ಮು ಹೆಚ್ಚಾದಾಗಲೂ “ಬೀಡಿಯೇ ವಾಸಿ” ಎಂದ. ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಎಚ್ಚೆತ್ತು ಕಫ ಹೊರಹಾಕತೊಡಗುವುದರಿಂದ ಹಾಗಾಗುತ್ತದೆ. ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ದೆಗೇಡು ಜಾಸ್ತಿ. ಬೀಡಿಯ ಆಸೆ ಎದ್ದರೂ ಕೆಲವೇ ನಿಮಿಷ ಇರುತ್ತದೆ, ಆ ನಿಮಿಷಗಳಲ್ಲಿ ಅಮ್ಮ ಅವನ ಕೈಗೆ ಏನಾದರೂ ಕೆಲಸ ಕೊಡುತ್ತಿದ್ದಳು. ಇವೆಲ್ಲ ಬರುತ್ತವೆ, ಹೋಗುತ್ತವೆ ಎಂದು ಮೊದಲೇ ಗೊತ್ತಿದ್ದದ್ದರಿಂದಲೇ ಅಪ್ಪ ಆ ದಿನಗಳನ್ನು ದಾಟಿದ ಎಂದು ನನ್ನ ಬಲವಾದ ನಂಬಿಕೆ.

ವೈದ್ಯರು ನಿಕೋಟಿನ್ ಗಮ್ ಬರೆದುಕೊಟ್ಟರು. ಅದನ್ನು ಎಲೆಯಡಿಕೆಯ ಕವಳದ ಹಾಗೆ ಅಗಿಯುತ್ತಲೇ ಇರಬಾರದು. ನಿಧಾನವಾಗಿ ಅಗಿದು, ಖಾರ ಹತ್ತಿದೊಡನೆ ಕೆನ್ನೆಯ ಸಂದಿಗಿಟ್ಟು ಸುಮ್ಮನಿರಬೇಕು. ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ಕವಳದ ವಿಷಯ ಬಂದದ್ದರಿಂದ ಹೇಳುತ್ತೇನೆ: ಬೀಡಿ ಬಿಟ್ಟವರು ಕವಳಕ್ಕೆ ಹೊಗೆಸೊಪ್ಪು ಸೇರಿಸಿಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಅದು ಬಾಯಿ ಕ್ಯಾನ್ಸರಿನ ದಾರಿ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಡಿಕೆಯನ್ನೇ ಉಂಡು ಬೆಳೆದ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಬೀಡಿ ಕಟ್ಟಿನ ಮೇಲೆ 1800-11-2356 ಎಂಬ ಸಂಖ್ಯೆ ಇರುತ್ತದೆ. ತಂಬಾಕು ಬಿಡುವವರಿಗಾಗಿ ಇರುವ ಉಚಿತ ದೂರವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಅಕ್ಷರ ಸಣ್ಣದು, ಹಿರಿಯರ ಕಣ್ಣಿಗೆ ಕಾಣಿಸುವುದಿಲ್ಲ. ಮನೆಯ ಮಕ್ಕಳು ಓದಿ ಫೋನು ಹಚ್ಚಿಕೊಡಬೇಕು.

ಅಪ್ಪ ಈಗಲೂ ಇನ್‌ಹೇಲರ್ ಸೇದುತ್ತಾನೆ, ಮರ ಹತ್ತುವುದಿಲ್ಲ. ಆದರೆ ಏರು ಹತ್ತುವಾಗ ಮೊದಲಿನಷ್ಟು ನಿಲ್ಲಬೇಕಾಗುವುದಿಲ್ಲ, ಕೊಯ್ಲಿನ ಕಾಲದಲ್ಲಿ ಹುಡುಗರಿಗೆ ಕೆಳಗಿನಿಂದ ಕೂಗಿ ಕೊನೆ ತೋರಿಸುತ್ತಾನೆ. ಅವನ ವಾರಿಗೆಯವರು ಬಂದು ಹೇಗೆ ಬಿಟ್ಟೆ ಎಂದು ಕೇಳಿದರೆ ಎದೆ, ಕ್ಯಾನ್ಸರು ಎಂದು ಶುರುಮಾಡುವುದಿಲ್ಲ. ಬೆಳಗಿನ ಹೊಟ್ಟೆಯ ವಿಷಯವನ್ನೇ ಮೊದಲು ಎತ್ತುತ್ತಾನೆ. ಕೇಳಿದವರು ಹತ್ತಿರಕ್ಕೆ ಸರಿದು ಕೂರುತ್ತಾರೆ.