ಸವೆದ ಬ್ಯಾಟರಿಯ ಬದಲಾವಣೆ

೨೦೦೧ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ‘ರೇವಾ’ ವಿದ್ಯುತ್ ಕಾರಿನಲ್ಲಿ ೬ ವೋಲ್ಟಿನ ೮ ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ೪೮ ವೋಲ್ಟನ್ನು ಪಡೆಯುತ್ತಿದ್ದರು. ಇವು ಸವೆದಾಗ, ತೀರ ಕೆಟ್ಟ ಒಂದನ್ನು ಮಾತ್ರ ಬದಲಾಯಿಸಿದರೆ ಸಾಲದೆ? ಕೈಬಿಗಿಯವರಿಗೆ ಹೀಗೆ ತೋರುವುದು ಸಹಜ. ಆದರೆ ಸರಣಿಯಲ್ಲಿ ಎಲ್ಲ ಬ್ಯಾಟರಿಗಳ ಮೂಲಕವೂ ಹರಿಯುವುದು ಒಂದೇ ಪ್ರವಾಹವೆಂಬುದನ್ನು ನಾವು ನೆನೆಯಬೇಕು. ಓಡುವಾಗ ಉಳಿದ ಏಳರಲ್ಲಿ ತೀರ ದುರ್ಬಲವಾದುದು ಮೊದಲು ಬರಿದಾಗುವುದು; ಹೊಸದರಲ್ಲಿ ವಿದ್ಯುತ್ತು ಮಿಕ್ಕಿದ್ದರೂ ಪ್ರಯೋಜನವಿಲ್ಲ. ಹಟದಿಂದ ಮುಂದೆ ಓಡಿಸಿದೆವೋ, ಇತರ ಬ್ಯಾಟರಿಗಳ ಪ್ರವಾಹವು ಬರಿದಾದ ಕೋಶದ ಧನ-ಋಣ ಧ್ರುವಗಳನ್ನೇ ಅದಲುಬದಲು ಮಾಡಿ ಅದನ್ನು ಕೆಡಿಸುವುದು. ಚಾರ್ಜು ಮಾಡುವಾಗಲೂ ಇದೇ ವೈಷಮ್ಯ: ಮೊದಲು ತುಂಬಿದುದರಲ್ಲಿ ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಹೊರಬೀಳುತ್ತದೆ, ಅರೆ ತುಂಬಿದುದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಕಟ್ಟುತ್ತದೆ. ಆದುದರಿಂದ ಎಂಟನ್ನೂ ಒಟ್ಟಿಗೆ ಬದಲಾಯಿಸುವುದೇ ಮೇಲು. ಕಳಚಿದ ಬ್ಯಾಟರಿಗಳ ಸೀಸವನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಆ ಧೂಮವು ವಿಷಮಯವಾದುದರಿಂದ ಅದು ಹಿತ್ತಲಲ್ಲಿ ಮಾಡುವ ಕೆಲಸವಲ್ಲ.