ವರ್ಷಕ್ಕೊಂದು ಪದ

ಹೊಸ ವರ್ಷಕ್ಕೆ ಒಂದು ಪದ ಆರಿಸಿಕೊಂಡು ಡಿಸೆಂಬರ್‌ವರೆಗೂ ಅದನ್ನೇ ಹಿಡಿದು ಪ್ರಾರ್ಥಿಸುವ ರೂಢಿ ಈಚೆಗೆ ನಮ್ಮ ಕೆಲವು ಕ್ರೈಸ್ತ ಮನೆಗಳಿಗೂ ಬಂದಿದೆ. ಇಂಥ ಕ್ರಮ ಹೊಸದೇನಲ್ಲ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯವರು ದಿನಕ್ಕೊಂದು ವಚನದ ಪುಸ್ತಕವನ್ನು 1731ರಿಂದ ಅಚ್ಚು ಹಾಕಿಸುತ್ತ ಬಂದಿದ್ದಾರೆ. ವರ್ಷಕ್ಕೊಂದು ವಚನ ಎಂಬ ಪದ್ಧತಿಯನ್ನು 1930ರಲ್ಲಿ ಜರ್ಮನಿಯ ಪಾದ್ರಿ ಒಟ್ಟೊ ರೀತ್‌ಮ್ಯುಲರ್ ಶುರುಮಾಡಿದರು. ನಮ್ಮ ಪ್ರೊಟೆಸ್ಟೆಂಟ್ ಬಂಧುಗಳು ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ವಚನದ ಕಾರ್ಡು ಎತ್ತುತ್ತಾರೆ. ಕಥೋಲಿಕರಾದ ನಮಗೆ ಆ ರಾತ್ರಿ ಇಗರ್ಜಿಯಲ್ಲಿ ಕೃತಜ್ಞತೆಯ ಪೂಜೆ, ಮರುದಿನ ಮರಿಯಮ್ಮನವರ ಹಬ್ಬ. ವಾಗ್ದಾನದ ವಚನ ದೇವರು ಏನು ಮಾಡುತ್ತಾರೆಂದು ಹೇಳುತ್ತದೆ. ವರ್ಷದ ಪದ ನಾನೇನು ಮಾಡುತ್ತೇನೆಂದು ಕೇಳುತ್ತದೆ. ಇವೆರಡನ್ನು ಒಂದೇ ಎಂದುಕೊಳ್ಳಬಾರದು.

2024ಕ್ಕೆ ನಾನು ಆರಿಸಿದ್ದು ‘ನಿಲ್ಲು’ ಎಂಬ ಪದ. ಮನೆಯವರಿಗೆ ಅದು ಸಪ್ಪೆ ಎನಿಸಿತು. ಶಾಂತಿ, ಆನಂದ, ಕೃಪೆ ಇರುವಾಗ ಇದೇನು ಎಂದರು ಅತ್ತೆ. ಅದು ನನಗೆ ಸಿಕ್ಕಿದ್ದು ಮಾರ್ಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ. ಜೆರಿಕೊ ಊರಿನಿಂದ ಹೊರಡುವ ದಾರಿಯಲ್ಲಿ ಕುರುಡ ಬರ್ತಿಮಾಯ ಕೂಗುತ್ತಾನೆ, ಜನ ಅವನ ಬಾಯಿ ಮುಚ್ಚಿಸಲು ನೋಡುತ್ತಾರೆ, ಯೇಸು ಮಾತ್ರ ನಿಲ್ಲುತ್ತಾರೆ. ಗುಣಪಡಿಸಿದ್ದು ಆಮೇಲೆ, ಮೊದಲು ನಿಂತರು.

ಅಂಕೋಲಾ ಬಳಿಯ ನಮ್ಮ ಬಾಳೆಗುಳಿಯವರಿಗೆ ಈ ಪದ ಬೇಕೇ ಬೇಕು. ಮಂಗಳೂರು–ಗೋವಾ ಕಡೆಯ 66ನೇ ಹೆದ್ದಾರಿಗೆ ಹುಬ್ಬಳ್ಳಿಯ 52ನೇ ಹೆದ್ದಾರಿ ಬಂದು ಸೇರುವುದು ಇಲ್ಲೇ. ಅರಬೈಲ್ ಘಟ್ಟ ಇಳಿದು ಬಂದ ಲಾರಿಗಳು ಹಗಲು ರಾತ್ರಿ ತಿರುಗುತ್ತಲೇ ಇರುತ್ತವೆ. ಇಲ್ಲಿ ಎಲ್ಲರೂ ಎಲ್ಲಿಗೋ ಹೋಗುವವರೇ. ರಸ್ತೆಬದಿಯ ಮನೆಯಲ್ಲಿರುವ ನಮಗೂ ಹೋಗುವವರನ್ನು ನೋಡಿಯೂ ನೋಡದಂತಿರುವುದು ರೂಢಿಯಾಗಿಬಿಡುತ್ತದೆ.

ಮೊದಲ ತಿಂಗಳುಗಳಲ್ಲಿ ನಿಂತದ್ದು ಸಣ್ಣ ಸಣ್ಣ ಕಡೆ. ಬಸ್ಸಿಗೆ ಕಾಯುತ್ತಿದ್ದ ಹಾಲಕ್ಕಿ ಸಮುದಾಯದ ಅಜ್ಜಿಯ ಬುಟ್ಟಿಗೆ ಕೈಹಚ್ಚಿ ಇಳಿಸಿದ್ದು, ಹಾಗೆಯೇ ಅವಳ ಮೊಮ್ಮಗನ ಜ್ವರದ ಮಾತು ಪೂರ್ತಿ ಕೇಳಿಸಿಕೊಂಡದ್ದು.

ಜುಲೈ 16ರ ಬೆಳಿಗ್ಗೆ ಇದೇ 66ನೇ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಚಹಾದಂಗಡಿಯ ಕುಟುಂಬ, ಅಲ್ಲಿ ನಿಂತಿದ್ದವರು ಮಣ್ಣಿನಡಿಯಾದರು. ಮಣ್ಣು ಗಂಗಾವಳಿ ನದಿಯವರೆಗೂ ಹೋಯಿತು. ಕೇರಳದ ಲಾರಿ ಚಾಲಕನೊಬ್ಬನ ಶವ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಗುಡ್ಡ ಕುಸಿದೊಡನೆ ಅಂಕೋಲಾ–ಕುಮಟಾ ನಡುವೆ ಹೆದ್ದಾರಿ ಬಂದಾಯಿತು, ಲಾರಿಗಳು ರಸ್ತೆಯಂಚಿಗೆ ಸಾಲುಗಟ್ಟಿದವು. ಮಳೆ ಬಿಡಲಿಲ್ಲ. ನಮ್ಮ ಮನೆಯೆದುರು ಒಬ್ಬ ಡ್ರೈವರ್ ಲಾರಿಯ ಪಕ್ಕದ ಪೆಟ್ಟಿಗೆಯಿಂದ ಸ್ಟವ್ ತೆಗೆದು, ತಾಡಪತ್ರಿಯ ಒಂದು ಮೂಲೆಯನ್ನು ಕ್ಲೀನರ್ ಕೈಲಿ ಎತ್ತಿಹಿಡಿಸಿ, ಅದರಡಿ ಕೂತು ಬೆಂಕಿಕಡ್ಡಿ ಗೀರುತ್ತಿದ್ದ. ಕಡ್ಡಿಯ ಮದ್ದು ನೆನೆದು ಪೆಟ್ಟಿಗೆಗೆ ಕೆಂಪಗೆ ಬಳಿದುಕೊಳ್ಳುತ್ತಿತ್ತೇ ವಿನಾ ಹೊತ್ತುತ್ತಿರಲಿಲ್ಲ. ನಾನು ಕೊಟ್ಟಿಗೆಯ ಬಾಗಿಲು ತೆಗೆದು ಕರೆದೆ. ಬಂದವರು ಅವರಿಬ್ಬರೇ ಅಲ್ಲ. ಅತ್ತೆಯೇ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿಗಿಟ್ಟರು, ಉಪ್ಪಿನಕಾಯಿ ಭರಣಿ ಹೊರಗೆ ಬಂತು. ಅಕ್ಕಪಕ್ಕದ ಮನೆಗಳಲ್ಲೂ ಅದೇ ನಡೆದಿತ್ತು. ಅದಕ್ಕೆ ಯಾರೂ ವರ್ಷದ ಪದ ಆರಿಸಿಕೊಂಡಿರಲಿಲ್ಲ. ಅವರಿಗೆ ಸಹಜವಾಗಿದ್ದು ನನಗೆ ಅಭ್ಯಾಸದಿಂದ ಬರಬೇಕಿತ್ತು, ಅಷ್ಟೇ.

ಅಂದಿನಿಂದ ಪದ ಆರಿಸುವಾಗ ನಾನು ನೋಡುವುದು ಇಷ್ಟು: ಅದು ಬೈಬಲ್ ಓದುವಾಗ ತಾನಾಗಿ ತಡೆದು ನಿಲ್ಲಿಸಿರಬೇಕು, ಅಂದಿನ ಮನಸ್ಸಿನ ಸ್ಥಿತಿಗೆ ಹಿತವೆನಿಸಿದ್ದಾಗಿರಬಾರದು. ಮಾಡಿದೆನೋ ಇಲ್ಲವೋ ಎಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಹೌದು-ಇಲ್ಲ ಎನ್ನಲು ಬರಬೇಕು. ಶಾಂತಿಯಂಥ ಪದ ಬಹಳ ದೊಡ್ಡದು, ಯಾವ ದಿನವೂ ನನ್ನನ್ನು ಪ್ರಶ್ನಿಸುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಅದು ಗೊತ್ತಿರಬೇಕು. ಮಾಡಲಾಗದ ದಿನ ಅದನ್ನೇ ಪ್ರಾರ್ಥನೆಯಾಗಿಸಿ ದೇವರ ಮುಂದಿಡಬೇಕು. ಇಲ್ಲವಾದರೆ ಜಿಮ್ಮಿಗೆ ಹೋಗುವ ಸಂಕಲ್ಪಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಈ ಸಲ ಮಗಳು ಲೂಕನಲ್ಲಿ ಮಾರ್ತ ಮತ್ತು ಮರಿಯಳ ಕಥೆ ಓದಿ ‘ಕೇಳು’ ಎಂಬುದನ್ನು ಆರಿಸಿದ್ದಾಳೆ. ಅತ್ತೆ ಇನ್ನೂ ಯೋಚಿಸುತ್ತಿದ್ದಾರೆ. ನನ್ನದು ಹಳೆಯದೇ ಇರಲಿ ಎಂದುಕೊಂಡಿದ್ದೇನೆ. ಕ್ರಿಸ್ಮಸ್‌ಗೆ ಕುಸ್ವಾರದ ತಿಂಡಿಗಳ ತಟ್ಟೆ ಹಿಡಿದು ಹೋದಾಗ ಬಾಗಿಲಲ್ಲೇ ಕೊಟ್ಟು ಬಂದ ಮನೆಗಳು ಇನ್ನೂ ಇವೆ. ಅಲ್ಲಿ ಒಳಗೆ ಹೋಗಿ ಕೂರುವುದರಿಂದ ಶುರುಮಾಡುತ್ತೇನೆ.